ಎತ್ತರ, ಚಾಪೆ ಮತ್ತು ತರಬೇತುದಾರ: ಅಮೆರಿಕದ ಶಾಲೆಗಳ ಚಿಯರ್‌ಲೀಡಿಂಗ್ ಎಷ್ಟು ಸುರಕ್ಷಿತ?

ಕನ್ನಡಿಗರಲ್ಲಿ ಬಹುಮಂದಿಗೆ ಚಿಯರ್‌ಲೀಡರ್ ಎಂಬ ಪದ ಪರಿಚಯವಾದದ್ದು 2008ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದಾಗ. ಬೌಂಡರಿ ಬಿದ್ದಾಗಲೆಲ್ಲ ಬಣ್ಣದ ಕುಚ್ಚುಗಳನ್ನು ಬೀಸುತ್ತ ಕುಣಿಯುವ ಆ ತಂಡದ ಚಿತ್ರವೇ ನಮ್ಮ ಮನಸ್ಸಿನಲ್ಲಿ ಇಂದಿಗೂ ನಿಂತಿದೆ. ಆದ್ದರಿಂದಲೇ ಟೆಕ್ಸಾಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿರುವ ಕನ್ನಡದ ಮನೆಯೊಂದರ ಮಗಳು ಶಾಲೆಯ ಚಿಯರ್ ತಂಡಕ್ಕೆ ಸೇರುತ್ತೇನೆಂದು ಒಪ್ಪಿಗೆ ಪತ್ರ ಹಿಡಿದು ಬಂದಾಗ, ತಂದೆತಾಯಿ ಉಡುಪಿನ ಬಗ್ಗೆಯೋ ಓದಿಗೆ ಸಿಗುವ ಸಮಯದ ಬಗ್ಗೆಯೋ ಯೋಚಿಸುತ್ತಾರೆಯೇ ಹೊರತು, ಆಕೆಯ ತಲೆ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ, ಆ ನೆಲ ಯಾವುದರಿಂದ ಮಾಡಿದ್ದು ಎಂದು ಕೇಳುವುದು ಅವರಿಗೆ ಹೊಳೆಯುವುದೇ ಇಲ್ಲ. ಆದರೆ ಈ ಚಟುವಟಿಕೆಯ ಸುರಕ್ಷತೆಯ ವಿಚಾರವೆಲ್ಲ ಸುತ್ತುವುದು ಆ ಎರಡು ಪ್ರಶ್ನೆಗಳ ಸುತ್ತ. ಮೂರನೆಯದೂ ಒಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು: ಆಕೆಯನ್ನು ಮೇಲಕ್ಕೆ ಎತ್ತಲು ಅನುಮತಿ ಕೊಡುವ ವ್ಯಕ್ತಿ ಏನನ್ನು ಕಲಿತು ಬಂದಿದ್ದಾರೆ?

ಈ ಗೊಂದಲ ನಮ್ಮದು ಮಾತ್ರವಲ್ಲ, ಅಮೆರಿಕದಲ್ಲಿಯೂ ಇದೆ. ಅದಕ್ಕೆ ಕಾರಣ ಚಿಯರ್‌ಲೀಡಿಂಗ್‌ನ ಚರಿತ್ರೆಯಲ್ಲಿದೆ. 1898ರ ನವೆಂಬರ್‌ನಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವೊಂದರಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಎದುರು ನಿಂತು ಘೋಷಣೆ ಕೂಗಿಸಿದ್ದನ್ನು ಇದರ ಆರಂಭವೆಂದು ಗುರುತಿಸುತ್ತಾರೆ. ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಇದು ಗಂಡುಹುಡುಗರ ಕೆಲಸವಾಗಿತ್ತು. 1948ರಲ್ಲಿ ಲಾರೆನ್ಸ್ ಹರ್ಕಿಮರ್ ಟೆಕ್ಸಾಸ್‌ನಲ್ಲಿ ತರಬೇತಿ ಶಿಬಿರಗಳನ್ನು ಆರಂಭಿಸಿದಾಗಲೂ ಅಲ್ಲಿ ಕಲಿಸುತ್ತಿದ್ದುದು ಹೆಚ್ಚಾಗಿ ಕೂಗು, ಜಿಗಿತ ಮತ್ತು ಕೈಗಳ ಚಲನೆಯನ್ನೇ. 1970ರ ದಶಕದಿಂದ ಈಚೆಗೆ ಜಿಮ್ನಾಸ್ಟಿಕ್ಸ್‌ನ ಉರುಳಾಟಗಳು, ಒಬ್ಬರ ಮೇಲೊಬ್ಬರು ನಿಲ್ಲುವ ಪಿರಮಿಡ್‌ಗಳು, ಗಾಳಿಯಲ್ಲಿ ಎಸೆದು ಹಿಡಿಯುವ ಸಾಹಸಗಳು ಒಂದೊಂದಾಗಿ ಸೇರಿಕೊಂಡವು. ಸ್ಪರ್ಧೆಗಳು ಟೆಲಿವಿಷನ್‌ಗೆ ಬಂದಮೇಲೆ ಕಷ್ಟದ ಮಟ್ಟ ಮತ್ತಷ್ಟು ಏರಿತು. ಹೀಗೆ ಒಳಗಿನ ಕೆಲಸ ಪೂರ್ತಿ ಬದಲಾದರೂ ಹೆಸರು ಹಳೆಯದೇ ಉಳಿಯಿತು. ಪ್ರೇಕ್ಷಕರನ್ನು ಹುರಿದುಂಬಿಸುವ ಸಂಘವೊಂದಕ್ಕೆ ಶಾಲೆ ಏನೇನು ಒದಗಿಸುತ್ತದೆಯೋ ಅಷ್ಟನ್ನು ಮಾತ್ರ ಪಡೆದುಕೊಂಡು, ಹುಡುಗಿಯರು ಜಿಮ್ನಾಸ್ಟ್‌ಗಳ ಅಪಾಯವನ್ನು ಹೊತ್ತುಕೊಂಡರು.

ಒಂದು ಸ್ಟಂಟ್, ಅಂದರೆ ಒಬ್ಬಳನ್ನು ಉಳಿದವರು ಮೇಲಕ್ಕೆ ಎತ್ತಿ ಹಿಡಿಯುವ ಸಾಹಸ, ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಿದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಮೇಲೆ ಏರುವವಳನ್ನು ಫ್ಲೈಯರ್ ಎನ್ನುತ್ತಾರೆ. ಎದುರುಬದುರಾಗಿ ನಿಂತು ಆಕೆಯ ಪಾದಗಳನ್ನು ಅಂಗೈಯಲ್ಲಿ ಹೊರುವ ಇಬ್ಬರು ಬೇಸ್‌ಗಳು. ಹಿಂದೆ ನಿಂತು ಆಕೆಯ ಕಣಕಾಲನ್ನೋ ಸೊಂಟವನ್ನೋ ಹಿಡಿದು, ಬಿದ್ದರೆ ತಲೆ ಮತ್ತು ಭುಜಗಳನ್ನು ತಾಂಗಲು ಸಿದ್ಧವಾಗಿರುವವಳು ಬ್ಯಾಕ್ ಸ್ಪಾಟ್; ಹೀಗೆ ಕಾಯುವವರನ್ನು ಸ್ಪಾಟರ್ ಎಂದೂ ಕರೆಯುತ್ತಾರೆ. ಭುಜದ ಎತ್ತರದಲ್ಲಿ ಪಾದಗಳನ್ನು ಹಿಡಿದರೆ ಅದು ಪ್ರೆಪ್, ತೋಳುಗಳನ್ನು ಪೂರ್ತಿ ಮೇಲಕ್ಕೆ ಚಾಚಿ ಹಿಡಿದರೆ ಎಕ್ಸ್‌ಟೆನ್ಷನ್, ಒಂದೇ ಕಾಲಿನ ಮೇಲೆ ನಿಲ್ಲಿಸಿದರೆ ಲಿಬರ್ಟಿ. ಬ್ಯಾಸ್ಕೆಟ್ ಟಾಸ್ ಎಂಬುದು ಇವೆಲ್ಲಕ್ಕಿಂತ ಬೇರೆ: ಬೇಸ್‌ಗಳು ಪರಸ್ಪರ ಮಣಿಕಟ್ಟುಗಳನ್ನು ಹೆಣೆದು ಕಟ್ಟಿದ ಚೌಕದ ಮೇಲೆ ಫ್ಲೈಯರ್ ನಿಲ್ಲುತ್ತಾಳೆ, ಅವರು ಆಕೆಯನ್ನು ನೇರವಾಗಿ ಆಕಾಶಕ್ಕೆ ಎಸೆಯುತ್ತಾರೆ, ಆಕೆ ತುದಿಯಲ್ಲಿ ಒಂದು ಭಂಗಿಯನ್ನೋ ತಿರುವನ್ನೋ ಮುಗಿಸಿ ಕೆಳಗಿನವರ ತೋಳುಗಳ ತೊಟ್ಟಿಲಿಗೆ ಬೀಳುತ್ತಾಳೆ. ಎಕ್ಸ್‌ಟೆನ್ಷನ್‌ನಲ್ಲಿ ಫ್ಲೈಯರ್‌ಳ ತಲೆ ನೆಲದಿಂದ ಮೂರೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಟಾಸ್‌ನಲ್ಲಿ ಅದಕ್ಕಿಂತಲೂ ಮೇಲೆ.

ಮೂರು ಮೀಟರ್ ಎತ್ತರದಿಂದ ಬಿದ್ದ ತಲೆ ನೆಲವನ್ನು ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಆ ವೇಗಕ್ಕಿಂತಲೂ ನಿರ್ಣಾಯಕವಾದದ್ದು, ಎಷ್ಟು ದೂರದೊಳಗೆ ಅದು ಸೊನ್ನೆಗೆ ಇಳಿಯುತ್ತದೆ ಎಂಬುದು. ನೆಲ ಒಂದೇ ಸೆಂಟಿಮೀಟರ್ ತಗ್ಗಿದರೆ ತಲೆಯ ಮೇಲೆ ಬೀಳುವ ಸರಾಸರಿ ವೇಗಾಪಕರ್ಷ, ಅಂದರೆ ವೇಗ ತಗ್ಗುವ ದರ, ಗುರುತ್ವದ ಸುಮಾರು 300 ಪಟ್ಟು. ಹತ್ತು ಸೆಂಟಿಮೀಟರ್ ತಗ್ಗುವ ದಪ್ಪ ಚಾಪೆಯಿದ್ದರೆ ಅದು ಸುಮಾರು 30 ಪಟ್ಟಿಗೆ ಇಳಿಯುತ್ತದೆ. ಚಾಪೆ ಎಂಬುದು ಅನುಕೂಲದ ವಸ್ತುವಲ್ಲ, ಸಲಕರಣೆಗಳ ಪಟ್ಟಿಯಲ್ಲಿ ಕೊನೆಗೆ ಬರೆದುಕೊಳ್ಳುವಂಥದ್ದೂ ಅಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ಒಹಾಯೊ ರಾಜ್ಯದ ಕೊಲಂಬಸ್ ನಗರದ ಮಕ್ಕಳ ಆಸ್ಪತ್ರೆಯ ಸಂಶೋಧಕರಾದ ಬ್ರೆಂಡಾ ಶೀಲ್ಡ್ಸ್ ಮತ್ತು ಗ್ಯಾರಿ ಸ್ಮಿತ್ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಅಳೆದು ತೋರಿಸಿತು. ಚಿಯರ್‌ಲೀಡರ್‌ಗಳು ಬಳಸುವ ಬೇರೆಬೇರೆ ನೆಲಗಳ ಮೇಲೆ, ಜೀವಕ್ಕೆ ಅಪಾಯವಾಗುವಂಥ ತಲೆಪೆಟ್ಟು ಯಾವ ಎತ್ತರದ ನಂತರ ಸಂಭವನೀಯವಾಗುತ್ತದೆ ಎಂದು ಅವರು ಪರೀಕ್ಷಿಸಿದರು. ಕಾಂಕ್ರೀಟಿನ ಮೇಲೂ, ಕಾಂಕ್ರೀಟಿಗೆ ಅಂಟಿಸಿದ ವಿನೈಲ್ ಹಾಸಿನ ಮೇಲೂ ಆ ಎತ್ತರ ಕೇವಲ 15 ಸೆಂಟಿಮೀಟರ್. ಸ್ಪರ್ಧೆಗಳಲ್ಲಿ ಬಳಸುವ ಸ್ಪ್ರಿಂಗ್ ನೆಲದ ಮೇಲೆ 3.35 ಮೀಟರಿಗೂ ಹೆಚ್ಚು. ಅಮೆರಿಕದ ಶಾಲೆಗಳಲ್ಲಿ ಊಟದ ಕೋಣೆ ಮತ್ತು ಹಜಾರಗಳ ನೆಲ ಹೆಚ್ಚಾಗಿ ಇಂಥ ವಿನೈಲಿನದೇ. ಜಿಮ್ ಕೋಣೆಯನ್ನು ಬ್ಯಾಸ್ಕೆಟ್‌ಬಾಲ್ ತಂಡ ಹಿಡಿದುಕೊಂಡಾಗ ಚಿಯರ್ ತಂಡವನ್ನು ಕಳಿಸುವುದು ಅಂಥ ಜಾಗಗಳಿಗೇ ಎಂಬುದನ್ನು ನೆನೆದರೆ ಆ 15 ಸೆಂಟಿಮೀಟರಿನ ಅರ್ಥ ತಿಳಿಯುತ್ತದೆ.

ಹಾಗಾದರೆ ಇದು ಅಮೆರಿಕದ ಶಾಲೆಗಳ ಅತ್ಯಂತ ಅಪಾಯಕಾರಿ ಕ್ರೀಡೆಯೇ? ಆ ಮಾತನ್ನು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತೇವೆ. ಅದಕ್ಕೆ ನೇರ ವಿರುದ್ಧವಾದ, ಇದು ಬಲು ಸುರಕ್ಷಿತ ಎಂಬ ಹೇಳಿಕೆಯನ್ನೂ ಅಷ್ಟೇ ಬಾರಿ ಕಾಣುತ್ತೇವೆ. ಎರಡಕ್ಕೂ ಅಂಕಿಅಂಶಗಳ ಆಧಾರವಿದೆ. ಪ್ರೌಢಶಾಲಾ ಕ್ರೀಡಾಗಾಯಗಳ ರಾಷ್ಟ್ರೀಯ ದಾಖಲೆಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿಯರ್‌ಲೀಡಿಂಗ್‌ನಲ್ಲಿ ಸಾವಿರ ಬಾರಿ ಅಭ್ಯಾಸಕ್ಕೋ ಪ್ರದರ್ಶನಕ್ಕೋ ಇಳಿದರೆ ಆಗುವ ಗಾಯಗಳು 0.71 ಮಾತ್ರ; ಗಮನಿಸಿದ 22 ಕ್ರೀಡೆಗಳಲ್ಲಿ ಅದರ ಸ್ಥಾನ 18ನೆಯದು. ಇನ್ನೊಂದು ಕಡೆ, ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಮುಲ್ಲರ್ ಸ್ಥಾಪಿಸಿದ ಕೇಂದ್ರವು 1982ರಿಂದ ಭೀಕರ ಕ್ರೀಡಾಗಾಯಗಳ ಲೆಕ್ಕವಿಡುತ್ತ ಬಂದಿದೆ. ಭೀಕರ ಗಾಯವೆಂದರೆ ಸಾವು, ಶಾಶ್ವತ ಅಂಗವೈಕಲ್ಯ, ಅಥವಾ ಚೇತರಿಸಿಕೊಂಡರೂ ತಲೆಬುರುಡೆ, ಬೆನ್ನುಹುರಿಗಳಿಗೆ ಆದ ಗಂಭೀರ ಏಟು. ಮೊದಲ ಕಾಲು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಆಟದಲ್ಲೇ ನೇರವಾಗಿ ಆದ ಇಂಥ ಗಾಯಗಳ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಚಿಯರ್‌ಲೀಡಿಂಗ್‌ನವು.

ಗಾಯವಾಗುವ ಸಂದರ್ಭ ವಿರಳ, ಆದರೆ ಆದಾಗ ಅದು ದೊಡ್ಡದಾಗಿರುವ ಸಾಧ್ಯತೆ ಹೆಚ್ಚು ಎಂಬುದು ಈ ಎರಡು ಅಂಕಿಗಳನ್ನು ಒಟ್ಟಿಗಿಟ್ಟು ಓದಿದಾಗ ಸಿಗುವ ತಿಳಿವಳಿಕೆ. ಮೊದಲಿನ ವಿಶ್ಲೇಷಣೆಯಲ್ಲಿಯೇ ಆ ಸುಳಿವಿದೆ: ಒಟ್ಟು ಗಾಯಗಳಲ್ಲಿ 31 ಪ್ರತಿಶತ ಕಂಕಷನ್‌ಗಳು, ಅಂದರೆ ಏಟಿನಿಂದ ಮಿದುಳು ತಲೆಬುರುಡೆಯೊಳಗೆ ಅಲುಗಿ ಆಗುವ ಆಘಾತಗಳು, ಅರ್ಧಕ್ಕಿಂತ ಹೆಚ್ಚು ಗಾಯಗಳು ಆದದ್ದು ಸ್ಟಂಟ್‌ಗಳಲ್ಲಿ. ಮೇಲಿಂದ ಬೀಳುವವಳಷ್ಟೇ ಅಪಾಯದಲ್ಲಿದ್ದಾಳೆಂದು ತಿಳಿಯುವುದೂ ತಪ್ಪು. ಬೀಳುವವಳ ಮೊಣಕೈ ಹಿಡಿಯುವವಳ ಮೂಗಿಗೋ ಕಪಾಳಕ್ಕೋ ಬಡಿಯುವುದು ಅಭ್ಯಾಸದ ಕೋಣೆಗಳಲ್ಲಿ ಸಾಮಾನ್ಯ, ಬೇಸ್ ಮತ್ತು ಸ್ಪಾಟರ್‌ಗಳ ಬೆನ್ನು, ಮಣಿಕಟ್ಟುಗಳ ಉಳುಕಂತೂ ಮತ್ತೂ ಸಾಮಾನ್ಯ. 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದ ಸ್ಪರ್ಧೆಯೊಂದರಲ್ಲಿ ಎದೆಗೆ ಆಕಸ್ಮಿಕವಾಗಿ ತಗಲಿದ ಒದೆತದಿಂದ ಶ್ವಾಸಕೋಶ ಕುಸಿದು 20 ವರ್ಷದ ಯುವತಿಯೊಬ್ಬಳು ಮರುದಿನ ತೀರಿಕೊಂಡಳು. ಪ್ರತಿಶತಗಳ ನಡುವೆ ಇಂಥ ಒಂದು ಸಾವನ್ನು ಮರೆಯಲು ನನ್ನಿಂದಾಗದು.

ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರ ಲೆಕ್ಕವೂ ಏರಿಕೆಯದೇ. 1980ರಲ್ಲಿ ವರ್ಷಕ್ಕೆ ಸುಮಾರು 5,000 ಇದ್ದದ್ದು 2007ರ ಹೊತ್ತಿಗೆ 26,000 ದಾಟಿತ್ತು. ಭಾಗವಹಿಸುವವರ ಸಂಖ್ಯೆ ಬೆಳೆದದ್ದು ಇದಕ್ಕೆ ಒಂದು ಕಾರಣ, ಸಾಹಸಗಳ ಕಷ್ಟ ಬೆಳೆದದ್ದು ಇನ್ನೊಂದು.

ನಿಯಮಗಳು ಹೇಗೆ ಬಂದವು

2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಪಂದ್ಯವೊಂದರ ವಿರಾಮದಲ್ಲಿ, ದಕ್ಷಿಣ ಇಲಿನಾಯ್ ವಿಶ್ವವಿದ್ಯಾಲಯದ ಚಿಯರ್‌ಲೀಡರ್ ಒಬ್ಬಳು ಪಿರಮಿಡ್‌ನ ತುದಿಯಿಂದ, ಸುಮಾರು 15 ಅಡಿ ಎತ್ತರದಿಂದ, ಚಾಪೆಯಿಲ್ಲದ ಅಂಕಣದ ಮೇಲೆ ತಲೆಕೆಳಗಾಗಿ ಬಿದ್ದಳು. ಕುತ್ತಿಗೆಯ ಎಲುಬು ಬಿರುಕುಬಿಟ್ಟಿತ್ತು, ಕಂಕಷನ್ ಆಗಿತ್ತು. ಕುತ್ತಿಗೆಗೆ ಪಟ್ಟಿ ಬಿಗಿದು ಸ್ಟ್ರೆಚರ್ ಮೇಲೆ ಸಾಗಿಸುತ್ತಿದ್ದಾಗ ತಂಡದ ಹಾಡು ಕೇಳಿಸಿತು, ಆಕೆ ಮಲಗಿದ್ದಲ್ಲಿಂದಲೇ ಕೈಗಳ ಚಲನೆಯನ್ನು ಮಾಡಿದಳು. ಆ ದೃಶ್ಯವನ್ನು ಅಮೆರಿಕದ ಟೆಲಿವಿಷನ್‌ಗಳು ಧೈರ್ಯದ ಕಥೆಯಾಗಿ ದೇಶಕ್ಕೆಲ್ಲ ತೋರಿಸಿದವು. ಆಕೆಯ ಧೈರ್ಯ ದೊಡ್ಡದೇ. ಆದರೆ ಆ ಅಂಕಣದ ಮೇಲೆ ಚಾಪೆಯಿಲ್ಲದೆ ಅಷ್ಟು ಎತ್ತರದ ಪಿರಮಿಡ್ ಕಟ್ಟಲು ಬಿಟ್ಟದ್ದು ಯಾಕೆ ಎಂಬ ಪ್ರಶ್ನೆಯೇ ಆ ಘಟನೆಯಿಂದ ಹುಟ್ಟಿದ ಹೆಚ್ಚು ಉಪಯುಕ್ತವಾದ ಸಂಗತಿ. ಕೆಲವೇ ದಿನಗಳಲ್ಲಿ ಕಾಲೇಜು ಪಂದ್ಯಾವಳಿಗಳಲ್ಲಿ ಅಂಥ ಸಾಹಸಗಳಿಗೆ ತಡೆ ಬಿತ್ತು, ಮತ್ತು 2006-07ರ ಸಾಲಿನಿಂದ ಬ್ಯಾಸ್ಕೆಟ್‌ಬಾಲ್ ಅಂಕಣದಂಥ ಗಟ್ಟಿ ನೆಲದ ಮೇಲೆ ಬ್ಯಾಸ್ಕೆಟ್ ಟಾಸ್ ಮಾಡುವುದನ್ನು ನಿಷೇಧಿಸಲಾಯಿತು. ಆ ನಿಯಮದ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಹೋಲಿಸಿ ನೋಡಿದ ಸಂಶೋಧಕರು, ಟಾಸ್‌ನಿಂದಾಗುವ ಭೀಕರ ಗಾಯಗಳು ಗಣನೀಯವಾಗಿ ತಗ್ಗಿದ್ದನ್ನು ದಾಖಲಿಸಿದ್ದಾರೆ. ಒಂದೇ ಸಾಲಿನ ನಿಯಮ ಎಷ್ಟು ಕುತ್ತಿಗೆಗಳನ್ನು ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಕ್ಷೇತ್ರದಲ್ಲಿ ನನಗೆ ಕಂಡಿಲ್ಲ.

ಇಂದು ನಿಯಮಗಳ ಪುಸ್ತಕಗಳು ಒಂದಕ್ಕಿಂತ ಹೆಚ್ಚಿವೆ, ತಂದೆತಾಯಿ ತಬ್ಬಿಬ್ಬಾಗುವುದು ಇಲ್ಲಿಯೇ. ಶಾಲೆಯ ತಂಡಗಳಿಗೆ ರಾಜ್ಯ ಪ್ರೌಢಶಾಲಾ ಸಂಘಗಳ ರಾಷ್ಟ್ರೀಯ ಒಕ್ಕೂಟವು ಹೊರತರುವ ನಿಯಮಪುಸ್ತಕವಿದೆ. ಅದನ್ನು ಒಪ್ಪಿ ಜಾರಿಗೊಳಿಸಬೇಕಾದದ್ದು ಆಯಾ ರಾಜ್ಯದ ಸಂಘ. ಕಾಲೇಜು ತಂಡಗಳಿಗೆ 2007ರಲ್ಲಿ ರೂಪುಗೊಂಡ ಯುಎಸ್‌ಎ ಚಿಯರ್ ಸಂಸ್ಥೆಯ ನಿಯಮಗಳು. ಶಾಲೆಗೆ ಸಂಬಂಧವಿಲ್ಲದೆ ಖಾಸಗಿ ಜಿಮ್‌ಗಳಲ್ಲಿ ಸ್ಪರ್ಧೆಗೆಂದೇ ತಯಾರಾಗುವ ಆಲ್ ಸ್ಟಾರ್ ತಂಡಗಳಿಗೆ 2003ರಲ್ಲಿ ಸ್ಥಾಪನೆಯಾದ ಯುಎಸ್‌ಎಎಸ್‌ಎಫ್ ಒಕ್ಕೂಟದ ನಿಯಮಗಳು. ಒಬ್ಬಳೇ ಹುಡುಗಿ ಸೋಮವಾರ ಶಾಲೆಯಲ್ಲಿ ಒಂದು ಪುಸ್ತಕದ ಪ್ರಕಾರವೂ ಮಂಗಳವಾರ ಜಿಮ್‌ನಲ್ಲಿ ಇನ್ನೊಂದರ ಪ್ರಕಾರವೂ ಅಭ್ಯಾಸ ಮಾಡುವುದುಂಟು.

ಶಾಲೆಯ ಪುಸ್ತಕದ ಮುಖ್ಯ ನಿಷೇಧಗಳು ಸರಳವಾಗಿವೆ. ಪಿರಮಿಡ್ ಎರಡು ಆಳೆತ್ತರವನ್ನು ಮೀರಬಾರದು, ಕಾಲೇಜಿನಲ್ಲಿ ಎರಡೂವರೆಯ ತನಕ ಹೋಗಬಹುದು. ಟಾಸ್‌ನಲ್ಲಿ ಎಸೆಯುವವರು ನಾಲ್ವರಿಗಿಂತ ಹೆಚ್ಚಿರಬಾರದು, ಅವರಲ್ಲೊಬ್ಬರು ಹಿಡಿಯುವಾಗ ಹಿಂಬದಿಯಲ್ಲಿರಬೇಕು. ಆಭರಣ ತೊಡುವಂತಿಲ್ಲ. ಚಿಮ್ಮುಹಲಗೆ, ಟ್ರ್ಯಾಂಪೊಲಿನ್‌ಗಳಂಥ ಸಾಧನಗಳಿಲ್ಲ. ನಮ್ಮಲ್ಲಿ ಕೃಷ್ಣಾಷ್ಟಮಿಯ ಮೊಸರು ಕುಡಿಕೆಯ ಪಿರಮಿಡ್‌ಗಳ ಬಗ್ಗೆ ನಡೆದ ಚರ್ಚೆಯನ್ನು ಬಲ್ಲವರಿಗೆ ಈ ಎತ್ತರದ ಮಿತಿ ಅಪರಿಚಿತವಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ದಹಿ ಹಂಡಿಗೆ 20 ಅಡಿಯ ಮಿತಿಯನ್ನೂ 18 ವರ್ಷದ ವಯೋಮಿತಿಯನ್ನೂ ಒಪ್ಪಿತ್ತು, ಮರುವರ್ಷ ಅವು ಸಡಿಲಗೊಂಡವು. ಎರಡೂ ಕಡೆ ತುದಿಗೆ ಏರಿಸುವುದು ಹಗುರವಾದ ಮಗುವನ್ನೇ.

ಆಲ್ ಸ್ಟಾರ್ ಒಕ್ಕೂಟದ ಪದ್ಧತಿ ಬೇರೆ ಬಗೆಯದು, ಮತ್ತು ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಅದು ಕೌಶಲಗಳನ್ನು ಒಂದರಿಂದ ಏಳರವರೆಗಿನ ಹಂತಗಳಾಗಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ ಟಾಸ್ ಇಲ್ಲವೇ ಇಲ್ಲ. ನೆಲದ ಮೇಲಿನ ಉರುಳಾಟದಲ್ಲಿ ಕೈಯೂರಿ ನಿಧಾನವಾಗಿ ಮಗುಚುವ ಕಾರ್ಟ್‌ವೀಲ್, ವಾಕ್‌ಓವರ್‌ಗಳಂಥವಷ್ಟೇ. ಕೈಯೂರಿ ಚಿಮ್ಮುವ ಹ್ಯಾಂಡ್‌ಸ್ಪ್ರಿಂಗ್ ಎರಡನೆಯ ಹಂತಕ್ಕೆ, ಕೈಯೂರದೆ ಗಾಳಿಯಲ್ಲಿ ಮಗುಚುವ ಟಕ್ ಮೂರನೆಯದಕ್ಕೆ. ತಂಡ ಯಾವ ಹಂತದಲ್ಲಿ ಸ್ಪರ್ಧಿಸುತ್ತದೆಯೋ ಅದರಾಚೆಯ ಕೌಶಲವನ್ನು ಪ್ರದರ್ಶಿಸಿದರೆ ಅಂಕ ಕಡಿತವಾಗುತ್ತದೆ. ಕೋಚ್‌ಗಳು ಕೂಡ ತಾವು ಕಲಿಸುವ ಹಂತಕ್ಕೆ ಅನುಗುಣವಾಗಿ ಅರ್ಹತೆ ಪಡೆಯಬೇಕು. ಅಪಾಯವನ್ನು ಬರಿಯ ನಿಷೇಧದಿಂದಲ್ಲದೆ ಕಲಿಕೆಯ ಕ್ರಮದಿಂದ ಹತೋಟಿಗೆ ತರುವ ಪ್ರಯತ್ನ ಇದು.

ಆದರೂ ಒಂದು ಮಾತನ್ನು ಇಲ್ಲಿ ಹೇಳಬೇಕು. ಶಿಬಿರಗಳು, ಉಡುಪು, ಸ್ಪರ್ಧೆ ಇವೆಲ್ಲದರಲ್ಲಿಯೂ ವಾರ್ಸಿಟಿ ಎಂಬ ಒಂದೇ ಕಂಪನಿಯ ಪಾಲು ಬಹಳ ದೊಡ್ಡದು, ಮತ್ತು ಯುಎಸ್‌ಎಎಸ್‌ಎಫ್ ಹುಟ್ಟಿದ್ದೂ ಆ ಕಂಪನಿಯ ಸಾಲದ ನೆರವಿನಿಂದ. ಅದರ ಮಾರುಕಟ್ಟೆ ಹಿಡಿತವನ್ನು ಪ್ರಶ್ನಿಸಿದ ಮೊಕದ್ದಮೆಗಳು 2023 ಮತ್ತು 2024ರಲ್ಲಿ ಕೋಟ್ಯಂತರ ಡಾಲರುಗಳ ರಾಜಿಯಲ್ಲಿ ಮುಗಿದವು. ನಿಯಮ ಬರೆಯುವವರೂ ಸ್ಪರ್ಧೆ ನಡೆಸುವವರೂ ಇಷ್ಟು ಹತ್ತಿರವಿರುವುದು ಯಾವ ಕ್ರೀಡೆಗೂ ಆರೋಗ್ಯಕರವಲ್ಲ ಎಂದು ನಾನು ನಂಬುತ್ತೇನೆ.

ತರಬೇತುದಾರರ ಕೆಲಸ

ನಿಯಮಪುಸ್ತಕ ಹೇಳುವುದು ಏನನ್ನು ಮಾಡಬಾರದು ಎಂಬುದನ್ನು. ಅನುಮತಿ ಇರುವ ಸಾಹಸವನ್ನು ಈ ನಾಲ್ವರು ಹುಡುಗಿಯರು, ಈ ದಿನ, ಈ ನೆಲದ ಮೇಲೆ ಮಾಡಬಹುದೇ ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅದನ್ನು ನಿರ್ಧರಿಸುವವರು ಕೋಚ್. ಆದ್ದರಿಂದ ಒಳ್ಳೆಯ ಕೋಚ್‌ಗಳೆಲ್ಲ ಮೊದಲು ಮಾತಾಡುವುದು ಕ್ರಮದ ಬಗ್ಗೆ: ಕೆಳಗಿನ ಮೆಟ್ಟಿಲು ತಪ್ಪಿಲ್ಲದೆ ಬರುವವರೆಗೆ ಮೇಲಿನದಕ್ಕೆ ಕಾಲಿಡಬಾರದು. ತೊಡೆಯ ಮೇಲೆ ನಿಲ್ಲುವ ಸ್ಟಂಟ್ ಸ್ಥಿರವಾದ ಮೇಲೆ ಪ್ರೆಪ್, ಪ್ರೆಪ್‌ನಿಂದ ತೊಟ್ಟಿಲಿಗೆ ಇಳಿಯುವುದು ಅಭ್ಯಾಸವಾದ ಮೇಲೆ ಎಕ್ಸ್‌ಟೆನ್ಷನ್, ಎರಡು ಕಾಲಿನದು ಗಟ್ಟಿಯಾದ ಮೇಲೆ ಒಂದು ಕಾಲಿನದು, ನೇರ ಇಳಿತ ಸರಿಯಾದ ಮೇಲೆ ತಿರುವಿನ ಇಳಿತ. ಒಮ್ಮೆ ಬಂದಿತೆಂದರೆ ಬಂದಂತಲ್ಲ; ಗುಂಪಿನಲ್ಲಿ ಒಬ್ಬ ಬೇಸ್ ಜ್ವರದಿಂದ ಮಲಗಿ ಬದಲಿಯೊಬ್ಬಳು ನಿಂತರೆ ಆ ಗುಂಪು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು, ಏಕೆಂದರೆ ಎತ್ತುವ ಕ್ಷಣ, ಎಣಿಕೆಯ ಲಯ, ಕೈಗಳ ಎತ್ತರ ಎಲ್ಲವೂ ಬದಲಾಗಿರುತ್ತವೆ. ಸ್ಪರ್ಧೆಗೆ ಎರಡು ವಾರ ಉಳಿದಿರುವಾಗ ಹೀಗೆ ಹಿಂದಕ್ಕೆ ಹೋಗಲು ಒಪ್ಪುವ ಕೋಚ್ ಸಿಕ್ಕರೆ ಆ ತಂಡದ ಮಕ್ಕಳು ಅದೃಷ್ಟವಂತರು.

ಸ್ಪಾಟರ್ ಆಗುವುದನ್ನೂ ಕಲಿಸಬೇಕು ಎಂಬುದು ಹೊರಗಿನವರಿಗೆ ಹೊಳೆಯದ ಸಂಗತಿ. ಬೀಳುತ್ತಿರುವ ದೇಹದಿಂದ ದೂರ ಸರಿಯುವುದು ಮನುಷ್ಯನ ಸಹಜ ಪ್ರತಿಕ್ರಿಯೆ. ಅದರ ವಿರುದ್ಧವಾಗಿ, ಬೀಳುವವಳತ್ತ ಒಂದು ಹೆಜ್ಜೆ ಮುಂದಿಟ್ಟು, ಕೈಗಳನ್ನು ಮೇಲೆತ್ತಿ, ಆಕೆಯ ತಲೆ, ಕುತ್ತಿಗೆ, ಭುಜಗಳನ್ನು ಆದಷ್ಟು ಎತ್ತರದಲ್ಲಿಯೇ ತಾಂಗಿ ವೇಗವನ್ನು ತಗ್ಗಿಸುವುದು ನೂರಾರು ಬಾರಿ ಮಾಡಿ ರೂಢಿಸಿಕೊಳ್ಳಬೇಕಾದ ವಿದ್ಯೆ. ಸ್ಪಾಟರ್‌ನ ಕಣ್ಣು ಪ್ರೇಕ್ಷಕರತ್ತ ಹೋಗಬಾರದು, ಫ್ಲೈಯರ್ ಮೇಲೆಯೇ ಇರಬೇಕು. ಫ್ಲೈಯರ್ ಕೂಡ ಬೀಳುವುದನ್ನು ಕಲಿಯಬೇಕು: ದೇಹವನ್ನು ಬಿಗಿಯಾಗಿಟ್ಟುಕೊಳ್ಳಬೇಕು, ಕೈಗಳನ್ನು ಹಿಂದಕ್ಕೆ ಚಾಚಿ ನೆಲ ಹುಡುಕಬಾರದು. ಯಾರೇ ಆಗಲಿ ‘ಇಳಿಸಿ’ ಎಂದೊಡನೆ ಕಾರಣ ಕೇಳದೆ ಇಳಿಸಬೇಕು, ಆಮೇಲೆ ಆಕೆಯನ್ನು ಯಾರೂ ಹೀಯಾಳಿಸಬಾರದು. ಕೊನೆಯದು ತಂತ್ರಕ್ಕಿಂತ ಹೆಚ್ಚಾಗಿ ತಂಡದ ವಾತಾವರಣಕ್ಕೆ ಸೇರಿದ್ದು, ಅದನ್ನು ಕಟ್ಟುವವರೂ ಕೋಚ್‌ಗಳೇ.

ಇಷ್ಟೆಲ್ಲ ಬಲ್ಲವರು ಪ್ರತಿ ಶಾಲೆಯಲ್ಲೂ ಇದ್ದಾರೆಯೇ? ಹಲವು ಶಾಲೆಗಳಲ್ಲಿ ಈ ಹೊಣೆ ಪಾಠ ಹೇಳುವ ಶಿಕ್ಷಕಿಯೊಬ್ಬರ ಹೆಗಲಿಗೆ, ಅಲ್ಪ ಗೌರವಧನದೊಂದಿಗೆ ಬೀಳುತ್ತದೆ. ಆಕೆ ತಾನು ಓದುವಾಗ ಚಿಯರ್‌ಲೀಡರ್ ಆಗಿದ್ದಿರಬಹುದು, ಆದರೆ ಚಟುವಟಿಕೆ ಅಂದಿನದಲ್ಲ. ಯುಎಸ್‌ಎ ಚಿಯರ್ ಮತ್ತು ಪ್ರೌಢಶಾಲಾ ಒಕ್ಕೂಟಗಳ ಮೂಲಕ ಸುರಕ್ಷತಾ ತರಬೇತಿ, ಪ್ರಮಾಣಪತ್ರಗಳು ಲಭ್ಯವಿವೆ. ಅವನ್ನು ಕಡ್ಡಾಯಗೊಳಿಸುವುದು ರಾಜ್ಯದಿಂದ ರಾಜ್ಯಕ್ಕೆ, ಕೆಲವೊಮ್ಮೆ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ. ಇನ್ನೊಂದು ಮಿತಿಯನ್ನೂ ಗಮನಿಸಬೇಕು: ಪರದೆಯ ಮುಂದೆ ಕುಳಿತು ಮುಗಿಸಿದ ಪಾಠ ನಿಯಮಗಳನ್ನು ತಿಳಿಸುತ್ತದೆ, ಬೀಳುವ ಮಗುವನ್ನು ಹಿಡಿಯುವುದನ್ನು ಕಲಿಸಲು ಕೋಣೆಯೊಳಗೆ ನಿಂತು ಕೈಹಿಡಿದು ತೋರಿಸುವ ಗುರು ಬೇಕು.

ಕಂಕಷನ್ ವಿಚಾರದಲ್ಲಿ ಕೋಚ್‌ಗೆ ಆಯ್ಕೆಯೇ ಇಲ್ಲ. ವಾಷಿಂಗ್ಟನ್ ರಾಜ್ಯ 2009ರಲ್ಲಿ ತಂದ ಕಾನೂನಿನ ಮಾದರಿಯಲ್ಲಿ 2014ರ ಹೊತ್ತಿಗೆ 50 ರಾಜ್ಯಗಳೂ ಯುವ ಕ್ರೀಡಾಪಟುಗಳ ತಲೆಪೆಟ್ಟಿನ ಬಗ್ಗೆ ಕಾನೂನು ಮಾಡಿದವು. ಸಾಮಾನ್ಯ ತತ್ವ ಇಷ್ಟು: ಅನುಮಾನ ಬಂದೊಡನೆ ಆ ದಿನದ ಮಟ್ಟಿಗೆ ಹೊರಗೆ, ಮರಳಿ ಬರಲು ವೈದ್ಯಕೀಯ ಒಪ್ಪಿಗೆ ಕಡ್ಡಾಯ. ಆ ಬಳಿಕವೂ ನಡಿಗೆ, ಓಟ, ನೆಲದ ಚಲನೆಗಳೆಂದು ದಿನಕ್ಕೊಂದು ಹಂತ ಏರುತ್ತ, ಸ್ಟಂಟ್ ಮತ್ತು ಉರುಳಾಟಗಳಿಗೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ತಲೆತಿರುಗು ಪೂರ್ತಿ ಹೋಗದ ಬೇಸ್ ಒಬ್ಬಳು ಇನ್ನೊಬ್ಬಳ ಪಾದ ಹಿಡಿದು ನಿಂತರೆ ಅಪಾಯ ಇಬ್ಬರದು.

ದೇಹದ ತೂಕದ ಮಾತೂ ಸುರಕ್ಷತೆಯ ಮಾತೇ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 136 ಮಂದಿ ಕಾಲೇಜು ಚಿಯರ್‌ಲೀಡರ್‌ಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲೊಬ್ಬರಿಗೆ ಆಹಾರಸೇವನೆಯ ತೊಂದರೆ ತಗಲುವ ಅಪಾಯ ಕಂಡುಬಂದಿತ್ತು. ಎಲ್ಲರೆದುರು ತೂಕ ಅಳೆಯುವ, ‘ನೀನು ಹಗುರಾದರೆ ಮಾತ್ರ ಮೇಲೆ’ ಎನ್ನುವ ಕೋಚ್ ಹಸಿದ ಹುಡುಗಿಯನ್ನು ಮೂರು ಮೀಟರ್ ಎತ್ತರಕ್ಕೆ ಕಳಿಸುತ್ತಿದ್ದಾರೆ.

ಕೋಚ್ ಎಂಬ ಸ್ಥಾನದ ದುರ್ಬಳಕೆಯನ್ನು ಬಿಟ್ಟು ಈ ವಿಷಯ ಬರೆಯುವುದು ಪ್ರಾಮಾಣಿಕತೆಯಾಗದು. ಲೈಂಗಿಕ ಅಪರಾಧಗಳಿಗೆ ಶಿಕ್ಷೆಯಾದವರಲ್ಲಿ ಹಲವರು ಚಿಯರ್ ಕ್ಷೇತ್ರದ ನಿಷೇಧಿತರ ಪಟ್ಟಿಯಲ್ಲಿ ಇಲ್ಲದಿರುವುದನ್ನು 2020ರಲ್ಲಿ ಯುಎಸ್‌ಎ ಟುಡೇ ಪತ್ರಿಕೆಯ ತನಿಖೆ ಬಯಲಿಗೆಳೆಯಿತು. ಅದೇ ವರ್ಷ ಬಂಧಿತನಾದ ಹೆಸರಾಂತ ಚಿಯರ್‌ಲೀಡರ್ ಒಬ್ಬನಿಗೆ 2022ರಲ್ಲಿ 12 ವರ್ಷಗಳ ಸೆರೆವಾಸವಾಯಿತು. 2018ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಂತೆ, ಅದರ ವ್ಯಾಪ್ತಿಗೆ ಬರುವ ಕ್ರೀಡಾ ಸಂಸ್ಥೆಗಳ ವಯಸ್ಕರು ಮಕ್ಕಳ ಮೇಲಿನ ದೌರ್ಜನ್ಯದ ಅನುಮಾನವನ್ನು 24 ಗಂಟೆಯೊಳಗೆ ವರದಿ ಮಾಡಲೇಬೇಕು. ಪೂರ್ವಾಪರ ಪರಿಶೀಲನೆ, ಬಾಗಿಲು ತೆರೆದಿಟ್ಟ ಅಭ್ಯಾಸ, ಒಬ್ಬಂಟಿ ಮಗುವಿಗೆ ಕೋಚ್ ಖಾಸಗಿ ಸಂದೇಶ ಕಳಿಸದಿರುವುದು ಇವೆಲ್ಲ ಈಗ ತರಬೇತಿಯ ಭಾಗ. ಚಾಪೆಯನ್ನು ಪರೀಕ್ಷಿಸುವಷ್ಟೇ ಸಹಜವಾಗಿ ಇವನ್ನೂ ಪರೀಕ್ಷಿಸಬೇಕು.

ಕ್ರೀಡೆಯೋ ಅಲ್ಲವೋ

ಚಿಯರ್‌ಲೀಡಿಂಗ್ ಕ್ರೀಡೆಯೇ ಎಂಬ ಚರ್ಚೆ ಮೇಲುನೋಟಕ್ಕೆ ಗೌರವದ ಪ್ರಶ್ನೆಯಂತೆ ಕಾಣುತ್ತದೆ. ಒಳಗೆ ಅದು ಹಣದ, ಹೊಣೆಯ ಪ್ರಶ್ನೆ. ಶಾಲೆ ಒಂದು ಚಟುವಟಿಕೆಯನ್ನು ಕ್ರೀಡೆಯೆಂದು ಒಪ್ಪಿದೊಡನೆ ಅದರ ಹಿಂದೆ ಆರೋಗ್ಯ ತಪಾಸಣೆ, ಅಭ್ಯಾಸದ ಅವಧಿಯ ಮಿತಿ, ಕೋಚ್‌ನ ಅರ್ಹತೆ, ಸಲಕರಣೆಯ ಹಣ, ಗಾಯಗಳ ದಾಖಲಾತಿ, ಮತ್ತು ಅಥ್ಲೆಟಿಕ್ ಟ್ರೇನರ್‌ನ ಹಾಜರಿ ಇವೆಲ್ಲ ಸಾಲಾಗಿ ಬರುತ್ತವೆ. ಈ ಟ್ರೇನರ್ ನಾವು ಅಂದುಕೊಳ್ಳುವಂತೆ ವ್ಯಾಯಾಮ ಕಲಿಸುವವರಲ್ಲ, ಮೈದಾನದಲ್ಲಿಯೇ ಗಾಯವನ್ನು ಪರೀಕ್ಷಿಸಿ ನಿರ್ಧಾರ ಹೇಳಬಲ್ಲ ಆರೋಗ್ಯವೃತ್ತಿಪರರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೊರಡಿಸಿದ ನೀತಿ ಹೇಳಿಕೆಯಲ್ಲಿ ಚಿಯರ್‌ಲೀಡಿಂಗನ್ನು ಕ್ರೀಡೆಯೆಂದು ಪರಿಗಣಿಸಿ ಎಂದು ಕೇಳಿಕೊಂಡದ್ದು ಈ ಕಾರಣಕ್ಕೆ. ಲಿಖಿತ ತುರ್ತು ಯೋಜನೆ ಇರಲಿ, ಗಟ್ಟಿ ನೆಲದ ಮೇಲೆ ಸ್ಟಂಟ್ ಬೇಡ ಎಂಬವೂ ಅದರ ಶಿಫಾರಸುಗಳಲ್ಲಿದ್ದವು.

ನ್ಯಾಯಾಲಯಗಳು ಬೇರೆಬೇರೆ ಉತ್ತರ ಕೊಟ್ಟಿವೆ, ಏಕೆಂದರೆ ಅವುಗಳ ಮುಂದಿದ್ದ ಪ್ರಶ್ನೆಗಳೂ ಬೇರೆಯೇ. 2009ರಲ್ಲಿ ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟು, ಚಾಪೆಯಿಲ್ಲದೆ ಅಭ್ಯಾಸ ಮಾಡುವಾಗ ಬಿದ್ದ ವಿದ್ಯಾರ್ಥಿನಿಯ ಪ್ರಕರಣದಲ್ಲಿ, ಇದು ದೇಹಸಂಪರ್ಕದ ಕ್ರೀಡೆಯೇ ಹೌದು, ಆದ್ದರಿಂದ ಹಿಡಿಯಲು ತಪ್ಪಿದ ಸಹಪಾಠಿಯ ಮೇಲೆ ನಿರ್ಲಕ್ಷ್ಯದ ದಾವೆ ನಿಲ್ಲದು ಎಂದಿತು. ಮರುವರ್ಷ ಕನೆಕ್ಟಿಕಟ್‌ನ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು, ಹೆಣ್ಣುಮಕ್ಕಳಿಗೆ ಸಮಾನ ಕ್ರೀಡಾವಕಾಶ ಕೊಡಬೇಕೆನ್ನುವ 1972ರ ಕಾನೂನಿನ ಲೆಕ್ಕಕ್ಕೆ ಸ್ಪರ್ಧಾತ್ಮಕ ಚಿಯರ್ ಇನ್ನೂ ಕ್ರೀಡೆಯಾಗಿ ರೂಪುಗೊಂಡಿಲ್ಲವೆಂದು ತೀರ್ಪಿತ್ತಿತು. ವಾಲಿಬಾಲ್ ತಂಡವನ್ನು ರದ್ದುಮಾಡಿ ಅದರ ಜಾಗದಲ್ಲಿ ಚಿಯರ್ ತಂಡವನ್ನು ತೋರಿಸಲು ವಿಶ್ವವಿದ್ಯಾಲಯ ಯತ್ನಿಸಿತ್ತು. 2012ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ನಿಂತಿತು. ಆ ತೀರ್ಪು ಹೆಣ್ಣುಮಕ್ಕಳ ಹಕ್ಕನ್ನು ಕಾಯಲು ಬಂದದ್ದು, ಆದರೆ ‘ಕ್ರೀಡೆಯಲ್ಲ’ ಎಂಬ ಮಾತು ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಈಚಿನ ವರ್ಷಗಳ ನಡೆ ಒಪ್ಪಿಗೆಯ ಕಡೆಗಿದೆ. ಮಿಷಿಗನ್ 1994ರಿಂದಲೇ ಪ್ರೌಢಶಾಲಾ ಸ್ಪರ್ಧಾತ್ಮಕ ಚಿಯರ್ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ, ಸ್ವತಃ ಕಾಲೇಜು ಚಿಯರ್‌ಲೀಡರ್ ಆಗಿದ್ದ ಶಾಸಕಿ ಲೊರೆನಾ ಗೊನ್ಸಾಲೆಸ್ ಮಂಡಿಸಿದ 2015ರ ಕಾನೂನು ಸ್ಪರ್ಧಾತ್ಮಕ ಚಿಯರ್‌ಗೆ ಶಾಲಾ ಕ್ರೀಡೆಯ ಸ್ಥಾನ ಕೊಟ್ಟಿತು. 2021ರ ಜುಲೈನಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿತು. ಚಿಯರ್‌ನಿಂದ ಕೂಗು, ಕುಚ್ಚುಗಳನ್ನೆಲ್ಲ ತೆಗೆದು ಎರಡು ತಂಡಗಳು ಎದುರುಬದುರು ಸೆಣಸುವಂತೆ ರೂಪಿಸಿದ ಸ್ಟಂಟ್ ಎಂಬ ಹೊಸ ಕ್ರೀಡೆ 2023ರಲ್ಲಿ ಕಾಲೇಜುಗಳ ಬೆಳೆಯುತ್ತಿರುವ ಮಹಿಳಾ ಕ್ರೀಡೆಗಳ ಪಟ್ಟಿಗೆ ಸೇರಿತು.

ವಿರೋಧಿಸುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ವರ್ಷದಲ್ಲಿ ಇಂತಿಷ್ಟು ತಿಂಗಳು ಮಾತ್ರ ಎಂಬ ಕ್ರೀಡಾಋತುವಿನ ಮಿತಿ ಬಂದರೆ ವರ್ಷವಿಡೀ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎರಡಕ್ಕೂ ಹುರಿದುಂಬಿಸುವ ಸಂಪ್ರದಾಯ ನಿಲ್ಲುತ್ತದೆ, ಪ್ರಯಾಣಕ್ಕೆ, ಶಿಬಿರಕ್ಕೆ ಕಡಿವಾಣ ಬೀಳುತ್ತದೆ ಎಂಬುದು ಅವರ ಆತಂಕ. ಇನ್ನೂ ಗಂಭೀರವಾದ ತೊಡಕೆಂದರೆ, ಮಾನ್ಯತೆ ಸಿಗುತ್ತಿರುವುದು ಸ್ಪರ್ಧಾತ್ಮಕ ಚಿಯರ್‌ಗೆ. ಮೈದಾನದ ಅಂಚಿನಲ್ಲಿ ನಿಲ್ಲುವ ಸಾಮಾನ್ಯ ಶಾಲಾ ತಂಡ ಹಲವೆಡೆ ಈಗಲೂ ಕ್ಲಬ್ ಚಟುವಟಿಕೆಯೇ, ಆದರೆ ಅದೇ ಹುಡುಗಿಯರು ಅದೇ ಎಕ್ಸ್‌ಟೆನ್ಷನನ್ನು ಅಲ್ಲಿಯೂ ಮಾಡುತ್ತಾರೆ.

ಆದಕಾರಣ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಾಲೆಗೆ ಹೋಗಿ ಒಂದು ಸಂಜೆಯ ಅಭ್ಯಾಸವನ್ನು ಕುಳಿತು ನೋಡುವುದು ಎಲ್ಲ ಪ್ರಮಾಣಪತ್ರಗಳನ್ನು ಓದುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ಚಾಪೆ ಹಾಸಿದ ಮೇಲೆ ಸ್ಟಂಟ್ ಶುರುವಾಗುತ್ತದೆಯೇ ಅಥವಾ ಚಾಪೆ ಗೋಡೆಗೆ ಒರಗಿರುತ್ತದೆಯೇ? ಸ್ಟಂಟ್ ನಡೆಯುವಾಗ ಕೋಚ್ ನೋಡುತ್ತಿರುವುದು ಗುಂಪನ್ನೇ ಅಥವಾ ಫೋನನ್ನೇ? ದಣಿದ ಗುಂಪನ್ನು ಹತ್ತನೆಯ ಬಾರಿಯೂ ಮೇಲೆತ್ತಲು ಹೇಳುತ್ತಾರೆಯೇ, ವಿಶ್ರಾಂತಿ ಕೊಡುತ್ತಾರೆಯೇ? ಅಪಘಾತವಾದರೆ ಯಾರು ತುರ್ತು ಸೇವೆಗೆ ಕರೆ ಮಾಡಬೇಕು, ಆಂಬ್ಯುಲೆನ್ಸ್‌ಗೆ ಯಾವ ಬಾಗಿಲು ತೆರೆಯಬೇಕು ಎಂದು ಕೇಳಿದರೆ ಅವರ ಬಳಿ ಬರೆದಿಟ್ಟ ಉತ್ತರವಿದೆಯೇ? ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: ಶುಕ್ರವಾರ ರಾತ್ರಿ ಬೇರೆ ಊರಿನ ಶಾಲೆಯಲ್ಲಿ ಪಂದ್ಯವಿದ್ದಾಗ, ಮಳೆ ಬಂದು ಹುಲ್ಲು ಜಾರುತ್ತಿರುವಾಗ, ಬಸ್ಸಿನಲ್ಲಿ ಚಾಪೆ ತಂದಿಲ್ಲದಿರುವಾಗ ನೀವೇನು ಮಾಡುತ್ತೀರಿ? ಇವತ್ತು ಯಾರೂ ಮೇಲೆ ಹತ್ತುವುದಿಲ್ಲ, ಎಲ್ಲರೂ ನೆಲದ ಮೇಲೆ ನಿಂತೇ ಕೂಗುತ್ತೇವೆ ಎಂದು ತಡವರಿಸದೆ ಹೇಳುವ ಕೋಚ್ ಆದರೆ, ಸಹಿ ಹಾಕಬಹುದು.